ಎಲ್ಲರಿಗೂ ಮೂರೂವರೆ

ರಂಜಿತ ಸಂಖ್ಯಾಶಾಸ್ತ್ರ ಪಾಠ ಮಾಡಲು ಶುರುಮಾಡಿ ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷವೂ ಅವರ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಮೊದಲು ಕುರ್ಚಿ ಕೊಡುವುದು ಈ ಕಡೆಯ ಮರ್ಯಾದೆ. ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಆ ಖಾಸಗಿ ಪದವಿ ಕಾಲೇಜಿನಲ್ಲಿ ಅದೂ ಇರಲಿಲ್ಲ. ಕಾಯಂ ಅಧ್ಯಾಪಕರು ಕ್ಲಾಸಿಗೆ ಹೋದಾಗ ಅವರ ಕುರ್ಚಿಯಲ್ಲಿ ಕೂರಬೇಕು, ಅವರು ಬಂದಾಗ ಏಳಬೇಕು. ಏಪ್ರಿಲ್‌ನಲ್ಲಿ ಕೆಲಸ ಮುಗಿಯುತ್ತಿತ್ತು. ಜುಲೈನಲ್ಲಿ ಫೋನ್ ಬಂದರೆ ಮತ್ತೆ ಶುರು.

ಮೂವತ್ತಾರು ವರ್ಷ, ಹೊಸಕೋಟೆಯ ಹಳೇ ಬೀದಿಯಲ್ಲಿ ತಾಯಿ ಅನುಸೂಯಮ್ಮನವರ ಜೊತೆ ವಾಸ. ಪಾಠ ಬಿ.ಕಾಂ. ಮೊದಲ ವರ್ಷದವರಿಗೆ: ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ. ಕೊನೆಯದನ್ನು ಹುಡುಗರು ಎಸ್‌ಡಿ ಅನ್ನುತ್ತಾರೆ. ಅಂಕಿಗಳು ಸರಾಸರಿಯಿಂದ ಎಷ್ಟು ಆಚೀಚೆ ಚೆಲ್ಲಿಕೊಂಡಿವೆ ಎಂದು ಹೇಳುವ ಒಂದು ಅಳತೆ ಅದು. ಬಹುಪಾಲು ಹುಡುಗರು ಗೈಡ್ ಪುಸ್ತಕದ ಒಂದು ಲೆಕ್ಕವನ್ನು ಅಂಕಿಸಮೇತ ಬಾಯಿಪಾಠ ಮಾಡಿ ಪರೀಕ್ಷೆ ದಾಟುತ್ತಿದ್ದರು. ಅಂಕಿ ಬದಲಾದರೆ ಕೈ ಕಟ್ಟಿ ಕೂರುತ್ತಿದ್ದರು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ, ಸಂಬಳವಿಲ್ಲದ ಎರಡು ತಿಂಗಳಲ್ಲಿ, ರಂಜಿತ ಮನೆಯಲ್ಲಿ ಕೂತು ಕಾಲೇಜಿನ ಜಾಲತಾಣಕ್ಕೆ ನಲವತ್ತೆರಡು ಆನ್‌ಲೈನ್ ಅಭ್ಯಾಸಗಳನ್ನು ಬರೆದರು. ಯಾರೂ ಹೇಳಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಅಂಕಿ, ಹಾಗಾಗಿ ಪಕ್ಕದವನ ಉತ್ತರ ನೋಡಿ ಉಪಯೋಗವಿಲ್ಲ. ತಪ್ಪಿದರೆ ಯಾವ ಹಂತದಲ್ಲಿ ತಪ್ಪಿತು ಎಂದು ಅದೇ ಸುಳಿವು ಕೊಡುತ್ತದೆ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು. ಸರಿಯಾದರೆ ಹಸಿರು ಗುರುತು. ನಲವತ್ತೆರಡೂ ಹಸಿರಾದರೆ ಆಂತರಿಕ ಅಂಕ ಹತ್ತಕ್ಕೆ ಹತ್ತು.

ಮೊದಲ ವರ್ಷ ಹುಡುಗರು ಒಂದು ಕಳ್ಳದಾರಿ ಕಂಡುಕೊಂಡರು. ಎಲ್ಲ ಕಡೆ ಸೊನ್ನೆ ಒತ್ತಿ, ಸುಳಿವುಗಳನ್ನೆಲ್ಲ ನೋಡಿಕೊಂಡು, ಆಮೇಲೆ ಉತ್ತರ ಹಾಕುತ್ತಿದ್ದರು. ರಂಜಿತ ಸೊನ್ನೆಗೇ ಬಾಗಿಲು ಹಾಕಿದರು. ಯಾರಾದರೂ ಸೊನ್ನೆ ಕೊಟ್ಟರೆ ಪರದೆಯ ಮೇಲೆ ಬರುತ್ತಿತ್ತು: ‘ಸೊನ್ನೆ ಉತ್ತರವಾಗಲಾರದು. ಅಂಕಿಗಳನ್ನು ಮತ್ತೊಮ್ಮೆ ನೋಡಿ.’ ಜೀವವಿರುವ ಯಾವ ವಸ್ತುವಿನ ಅಳತೆಯಲ್ಲೂ ಎಸ್‌ಡಿ ಸೊನ್ನೆ ಬರುವುದಿಲ್ಲ ಎಂದು ಅವರು ಯೋಚಿಸಿದ್ದರು.

ಹದಿನೇಳನೆಯ ಅಭ್ಯಾಸದ ಮೇಲೆ ಅವರಿಗೆ ಹೆಚ್ಚು ಮಮತೆ. ಅದರಲ್ಲಿ ಅಂಕಿ ಕೊಡುವುದು ಜಾಲತಾಣವಲ್ಲ, ವಿದ್ಯಾರ್ಥಿಯೇ. ಮನೆಯ ಹಾಲಿನ ಪುಸ್ತಕದಿಂದ ಒಂದು ತಿಂಗಳ ಬೆಳಗಿನ ಫ್ಯಾಟ್ ತೆಗೆದುಕೊಂಡು ಬರಬೇಕು. ಡೇರಿಯಲ್ಲಿ ಹಾಲು ಹಾಕಿದಾಗ ಕಾರ್ಯದರ್ಶಿ ಬರೆದುಕೊಡುವ ಜಿಡ್ಡಿನ ಅಂಶ ಅದು, ಮೂರು ಪಾಯಿಂಟ್ ಎಂಟು, ನಾಲ್ಕು ಪಾಯಿಂಟ್ ಒಂದು, ಹೀಗೆ. ಹಾಲಿನ ದರ ನಿಲ್ಲುವುದು ಅದರ ಮೇಲೆ. ಆ ಮೂವತ್ತು ಅಂಕಿಗಳನ್ನು ತುಂಬಿಸಿ, ಅವುಗಳ ಎಸ್‌ಡಿ ಲೆಕ್ಕ ಹಾಕಬೇಕು. ಮನೆಯಲ್ಲಿ ಹಸುವಿಲ್ಲದವರು ಪಕ್ಕದ ಮನೆಯ ಪುಸ್ತಕ ತರಬಹುದು.

ಕಳೆದ ಫೆಬ್ರುವರಿಯಲ್ಲಿ ಕಾಲೇಜಿಗೆ ಪರಿಶೀಲನಾ ಸಮಿತಿ ಬರುವುದಿತ್ತು. ಪ್ರಿನ್ಸಿಪಾಲರು ರಂಜಿತ ಅವರನ್ನು ಕರೆದು, ಮೊದಲ ಬಾರಿಗೆ ಕೂರಲು ಹೇಳಿದರು. ಸಮಿತಿಯ ಮುಂದೆ ಈ ಅಭ್ಯಾಸಗಳನ್ನೇ ತೋರಿಸುವುದು. ನೂರ ಹನ್ನೆರಡು ವಿದ್ಯಾರ್ಥಿಗಳೂ ಹಸಿರಾಗಿದ್ದರೆ ಕಾಯಂ ಆದೇಶ ಕೊಡಿಸುವ ಹೊಣೆ ತಮ್ಮದು ಎಂದರು. ಮನೆಯಲ್ಲಿ ಅನುಸೂಯಮ್ಮ ಅಂದೇ ಬೀದಿಗೆಲ್ಲ ಹೇಳಿ ಬಂದರು.

ಸಮಿತಿ ಬರಲು ಹತ್ತು ದಿನ ಇದ್ದಾಗ ನೂರ ಹನ್ನೊಂದು ಸಾಲು ಹಸಿರಾಗಿತ್ತು. ಒಂದು ಕೆಂಪು. ಹದಿನೇಳನೆಯ ಅಭ್ಯಾಸದಲ್ಲಿ, ನಂದಗುಡಿ ಕಡೆಯ ಒಂದು ಹಳ್ಳಿಯಿಂದ ಬರುವ ಸಿಂಚನ ಎಂಬ ಹುಡುಗಿ ಮೂವತ್ತು ದಿನಕ್ಕೂ 3.5 ಎಂದು ತುಂಬಿಸಿದ್ದಳು. ಉತ್ತರದ ಜಾಗದಲ್ಲಿ ಹದಿನಾಲ್ಕು ಸಲ ಸೊನ್ನೆ ಹಾಕಿದ್ದಳು. ಹದಿನಾಲ್ಕು ಸಲವೂ ಜಾಲತಾಣ ತಳ್ಳಿಹಾಕಿತ್ತು.

ರಂಜಿತ ಅವಳನ್ನು ಕ್ಲಾಸಿನಲ್ಲೇ ಎಬ್ಬಿಸಿ ನಿಲ್ಲಿಸಿದರು.

"ಏನಮ್ಮ ಇದು? ಒಂದ್ಸಲ ಟೈಪ್ ಮಾಡಿ ಕೆಳಗಿನ್ ತನಕ ಎಳ್ಕೊಂಡ್ ಹೋಗ್ಬಿಟ್ಯಾ?"

"ಇಲ್ಲ ಮೇಡಂ. ಬುಕ್ಕಲ್ಲಿ ಹಂಗೇ ಐತೆ."

"ಹಸು ಏನು ಮಿಷನ್ನಾ, ದಿನಾ ಒಂದೇ ತರ ಕೊಡೋಕೆ?"

ಹಿಂದಿನ ಬೆಂಚಿನಿಂದ ಅಂಬರೀಶ್ ಎಂಬವನು, "ಅವ್ರಜ್ಜಿ ಹಸೂಗೆ ಸಾಫ್ಟ್‌ವೇರ್ ಹಾಕ್ಸವ್ರೆ ಮೇಡಂ" ಎಂದ. ಕ್ಲಾಸು ನಕ್ಕಿತು. ರಂಜಿತ ಅವರೂ ನಕ್ಕರು. ಸಿಂಚನ ಕೂತಳು.

ಮಾರನೆಯ ದಿನ ಅವಳು ಹಾಲಿನ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಮೂಲೆ ಮಡಿಸಿದ, ಹುಳಿ ವಾಸನೆಯ ಪುಸ್ತಕ. ಜನವರಿಯ ಪುಟದಲ್ಲಿ ಮೂವತ್ತೊಂದು ಬೆಳಗೂ 3.5. ಡಿಸೆಂಬರಿನಲ್ಲಿ ಹಾಗೇ, ನವೆಂಬರಿನಲ್ಲಿ ಹಾಗೇ. ಕಳೆದ ಮೇ ತಿಂಗಳ ಪುಟಕ್ಕೆ ಹೋದ ಮೇಲೆ 4.1, 4.3, 3.9 ಎಂದು ಅಂಕಿಗಳು ಮತ್ತೆ ಉಸಿರಾಡುತ್ತಿದ್ದವು.

ಅದೇ ಡೇರಿಗೆ ಹಾಲು ಹಾಕುವ ಮನೆಯವರು ಆ ತರಗತಿಯಲ್ಲಿ ಇನ್ನೂ ಎಂಟು ಮಂದಿ ಇದ್ದರು. ಎಂಟೂ ಹಸಿರು. ಅವರ ಅಂಕಿಗಳು 3.4, 3.7, 3.2 ಎಂದು ಲಕ್ಷಣವಾಗಿ ಏರಿಳಿದಿದ್ದವು. ರಂಜಿತ ಅವರಲ್ಲೊಬ್ಬನಾದ ಮುನೀಂದ್ರನನ್ನು ಕರೆದರು.

"ನಿಮ್ಮನೆ ಪುಸ್ತಕದಲ್ಲಿ ಏನಿದೆಯೋ?"

"ಮೂರೂವರೆ ಮೇಡಂ. ನಮ್ಮೂರಲ್ಲಿ ಎಲ್ರಿಗೂ ಮೂರೂವರೇನೆ."

"ಮತ್ತೆ ಇಲ್ಲಿ ಬೇರೆ ಹಾಕಿದ್ದೀಯಲ್ಲ?"

"ಮೂರೂವರೆ ಹಾಕಿದ್ರೆ ಎಸ್‌ಡಿ ಸೊನ್ನೆ ಬತ್ತದೆ. ಸೊನ್ನೆ ಅದು ತಗೊಳಲ್ಲ. ಅಂಕಿಗಳನ್ನು ಮತ್ತೊಮ್ಮೆ ನೋಡಿ ಅಂತದೆ. ನೋಡಿದ್ವಿ. ಅದಕ್ಕೆ ಎಂಥದ್ದು ಬೇಕೋ ಅಂಥದ್ದು ಹಾಕಿದ್ವಿ."

"ಹಂಗೆ ಮಾಡಿ ಅಂತ ಯಾರಪ್ಪ ಹೇಳಿದ್ದು?"

"ಅದನ್ನ ಬರ್ದಿರೋದು ನೀವೇ ಅಲ್ವಾ ಮೇಡಂ?" ಹುಡುಗನ ಮಾತಿನಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ರಂಜಿತ ಅವರಿಗೆ ಸುಲಭವಾಗುತ್ತಿತ್ತು. "ಸಿಂಚನಂಗೂ ಹೇಳ್ದೆ, ಹಾಕ್ಕೊಳೆ ಸುಮ್ನೆ ಅಂತ. ಕೇಳ್ಲಿಲ್ಲ. ಅವ್ಳು ಸ್ವಲ್ಪ ಮೊಂಡು ಮೇಡಂ."

ಮನೆಯ ಪುಸ್ತಕದಲ್ಲಿದ್ದ ಸತ್ಯವನ್ನು ಜಾಲತಾಣ ಒಪ್ಪದಿದ್ದಾಗ ಎಂಟು ಮಂದಿ ಸತ್ಯವನ್ನು ತಿದ್ದಿದ್ದರು. ನಲವತ್ತೆರಡು ಅಭ್ಯಾಸಗಳಲ್ಲಿ ಈ ಒಂದು ಪಾಠ ಯಾರಿಗೂ ಕಷ್ಟವಾಗಿರಲಿಲ್ಲ.

ರಂಜಿತ ಅದೇ ಕ್ಲಾಸಿನಲ್ಲಿ ಸಿಂಚನಳ ಹತ್ತಿರ ಕ್ಷಮೆ ಕೇಳಿದರು. ಸೊನ್ನೆಯ ನಿಯಮ ತೆಗೆಯಲು ಹತ್ತು ನಿಮಿಷ ಸಾಕಾಯಿತು. ಎಂಟು ಮಂದಿಗೂ ಪುಸ್ತಕದಲ್ಲಿದ್ದದ್ದನ್ನೇ ತುಂಬಿಸಲು ಹೇಳಿದರು. ಸಂಜೆಗೆ ನೂರ ಹನ್ನೆರಡೂ ಹಸಿರಾಯಿತು. ಒಂಬತ್ತು ಸಾಲುಗಳಲ್ಲಿ ಉತ್ತರ ಸೊನ್ನೆ.

ಮಾರನೆಯ ಬೆಳಗ್ಗೆ ವಾಣಿಜ್ಯ ವಿಭಾಗದ ಮುಖ್ಯಸ್ಥ ಅನಿಲ್‌ಕುಮಾರ್ ಬಂದರು. ಸಮಿತಿಯ ಸಿದ್ಧತೆಯೆಲ್ಲ ಅವರದೇ. ಗ್ರಂಥಾಲಯಕ್ಕೆ ಬೇರೆ ಕಾಲೇಜಿನಿಂದ ನಾನೂರು ಪುಸ್ತಕ ಎರವಲು ತಂದು ಮೊಹರು ಒತ್ತಿಸುತ್ತಿದ್ದವರೂ ಅವರೇ.

"ಮೇಡಂ, ಒಂಬತ್ತು ಜನ, ಒಂದೇ ಅಂಕಿ, ಒಂದೇ ಉತ್ತರ. ಸಮಿತಿಯವರು ಕಾಪಿ ಅಂತಾರೆ."

"ಅದೇ ನಿಜ ಸರ್. ಮೊದಲಿದ್ದದ್ದು ಸುಳ್ಳು."

"ಸುಳ್ಳಾಗ್ಲಿ ನಿಜವಾಗ್ಲಿ, ಮೊದ್ಲಿದ್ದದ್ದು ನೋಡೋಕೆ ಚೆನ್ನಾಗಿತ್ತು. ಪಾಯಿಂಟ್ ಒಂದು, ಪಾಯಿಂಟ್ ಎರಡು ಆಚೀಚೆ ಮಾಡ್ಸಿ. ಹಾಲೇನು ಒಡೆದೋಗಲ್ಲ."

ಡೇರಿಯ ಕಾರ್ಯದರ್ಶಿಯಿಂದ ಒಂದು ಪತ್ರ ತಂದು ಫೈಲಿಗೆ ಹಚ್ಚಿದರೆ ಸೊನ್ನೆಗೆ ಕಾರಣ ಸಿಗುತ್ತದೆ ಎಂದು ರಂಜಿತ ಹೇಳಿದರು. ಅನಿಲ್‌ಕುಮಾರ್ ಎರಡು ದಿನ ಕೊಟ್ಟರು.

ಮರುದಿನ ಬೆಳಗ್ಗೆ ಆರೂವರೆಗೆ ರಂಜಿತ ಸಿಂಚನಳ ಹಳ್ಳಿಯಲ್ಲಿದ್ದರು. ಡೇರಿ ಎಂದರೆ ಒಂದೇ ಕೋಣೆ. ಕೆಟ್ಟು ನಿಂತಿದ್ದ ಹಾಲು ಪರೀಕ್ಷಿಸುವ ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ದೇವರ ಪಟ, ಪಟಕ್ಕೆ ಬಾಡಿದ ಚೆಂಡುಹೂವು. ಕಾರ್ಯದರ್ಶಿ ಚಲಪತಿ ಮೇಜಿನ ಹಿಂದೆ ಕೂತಿದ್ದರು. ಅವರ ದೊಡ್ಡ ಪುಸ್ತಕದಲ್ಲಿ ಅಂದಿನ ಪುಟದ ಫ್ಯಾಟ್ ಕಾಲಂ ಆಗಲೇ ಪೂರ್ತಿ ತುಂಬಿತ್ತು, ಮೇಲಿಂದ ಕೆಳಗೆ 3.5. ಹಾಲು ಇನ್ನೂ ಬಂದಿರಲಿಲ್ಲ. ಬಂದಾಗ ಲೀಟರು ಬರೆದರಾಯಿತು.

ಜನ ಬರತೊಡಗಿದರು. ಪಕ್ಕದ ನಲ್ಲಿಯಲ್ಲಿ ಇಬ್ಬರು ತಮ್ಮ ಕ್ಯಾನಿಗೆ ಒಂದೊಂದು ಚೊಂಬು ನೀರು ಬೆರೆಸಿದರು. ಮರೆಮಾಡಿ ಬೆರೆಸಲಿಲ್ಲ. ಒಬ್ಬ ಬೆರಳು ಅದ್ದಿ ನೋಡಿ ಇನ್ನರ್ಧ ಚೊಂಬು ಸುರಿದ. ಸಾಲಿನಲ್ಲಿದ್ದವರು ಪಕ್ಕದೂರಿನ ಜಮೀನು ಯಾವ ಯೋಜನೆಗೆ ಹೋಗುತ್ತದೆ ಎಂದು ಮಾತಾಡಿಕೊಂಡಿದ್ದರು.

ಸಿಂಚನಳ ಅಜ್ಜಿ ಅಮ್ಮಯಮ್ಮ ಕ್ಯಾನಿನ ಮುಚ್ಚಳ ತೆಗೆದು ತೋರಿಸಿದರು. "ನೋಡಿ ತಾಯಿ, ಜರ್ಸಿ ಹಾಲು. ಕಾಯ್ಸಿದ್ರೆ ಕೆನೆ ಬೆರಳ್ ದಪ್ಪ ಕಟ್ತದೆ."

"ಮತ್ತೆ ಮೂರೂವರೆ ಬರೀತಾರಲ್ಲ ಅಜ್ಜಿ. ನೀವು ಕೇಳಲ್ವಾ?"

"ಕೇಳಿದ್ರೆ ಮಿಷನ್ ರಿಪೇರಿ ಆಯ್ತದೆ. ರಿಪೇರಿ ಆದ್ರೆ ಮುನಿರಾಮಯ್ಯನ ಹಾಲು ನೀರು ಅಂತ ಬತ್ತದೆ. ಅವ್ನು ನನ್ ಸ್ವಂತ ಮೈದುನ. ಮನೆಗೆ ಬಂದು ಕೂಗಾಡ್ತಾನೆ."

"ಕೇಳಿಸ್ತು ಅತ್ತಿಗೆ" ಎಂದು ಹಿಂದೆ ನಿಂತಿದ್ದ ಮುನಿರಾಮಯ್ಯ ನಕ್ಕರು. ಚೊಂಬು ಅವರ ಕೈಯಲ್ಲೇ ಇತ್ತು.

"ಕೇಳಿಸ್ಲಿ ಅಂತ್ಲೇ ಅಂದಿದ್ದು."

ರಂಜಿತ ಪತ್ರದ ಮಾತೆತ್ತಿದರು. ಯಂತ್ರ ಕೆಟ್ಟಿದೆ ಎಂದು ಎರಡು ಸಾಲು ಬರೆದುಕೊಟ್ಟರೆ ಸಾಕು. ಚಲಪತಿ ಲೀಟರು ಬರೆಯುವುದನ್ನು ನಿಲ್ಲಿಸಲಿಲ್ಲ.

"ಬರ್ದು ಕೊಟ್ರೆ, ಎಂಟು ತಿಂಗ್ಳು ಬರ್ದಿದ್ದೇನಯ್ಯಾ ಅಂತ ಮೇಲಿನೋರು ಕೇಳಲ್ವಾ ಮೇಡಂ?"

"ಕೆಟ್ಟಿರೋದು ನಿಜ ತಾನೆ?"

"ನಿಜ. ಸರಿ ಮಾಡ್ಸಿ ಅಂತ ಊರಲ್ಲಿ ಒಬ್ರೂ ಬಾಯಿಬಿಟ್ಟಿಲ್ಲ, ಅದೂ ನಿಜ. ಮಿಷನ್ ಓಡ್ತಿದ್ದಾಗ ದಿನಾ ರಗಳೆ. ನಂಗ್ಯಾಕೆ ಮೂರು, ಅವಂಗ್ಯಾಕೆ ನಾಲ್ಕು ಅಂತ ಕಾಲರ್ ಹಿಡಿಯೋರು. ಈಗ ಎಲ್ರಿಗೂ ಮೂರೂವರೆ. ಡೇರಿ ದೇವಸ್ಥಾನ ಇದ್ದಂಗೈತೆ." ಅವರು ಪೆನ್ನು ಎತ್ತಿ ರಂಜಿತ ಅವರ ಮುಖ ನೋಡಿದರು. "ನಿಮ್ ಕಾಲೇಜಲ್ಲಿ ನಮ್ ತಂಗಿ ಮಗ ಓದ್ತಾನೆ, ಮುರಳಿ ಅಂತ. ಇಂಟರ್ನಲ್ ಎಷ್ಟು ಬಂತೋ ಅಂದ್ರೆ ಹತ್ತಕ್ಕೆ ಹತ್ತು ಅಂದ. ಅಂಗಡೀಲಿ ಚಿಲ್ರೆ ಎಣಿಸೋಕೆ ಬರಲ್ಲ ಅವ್ನಿಗೆ. ಎಷ್ಟು ಜನಕ್ಕೆ ಕೊಟ್ರಿ ಮೇಡಂ ಹತ್ತು?"

ರಂಜಿತ ಪತ್ರಕ್ಕೆಂದು ತಂದಿದ್ದ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿದರು.

"ಎಲ್ರಿಗೂ ಅಂತೆ. ನಮ್ಮ ತಂಟೆಗ್ಯಾಕೆ ಬಂದ್ರಿ ಹಂಗಾದ್ರೆ?"

ಸಾಲು ಗೊಳ್ಳೆಂದಿತು. ಅಮ್ಮಯಮ್ಮ ಮಾತ್ರ, "ಸುಮ್ಕಿರು ಚಲಪತಿ, ಪಾಠ ಹೇಳೋರು" ಎಂದರು. ಅದು ನಗುವಿಗಿಂತ ಕೆಟ್ಟದಾಗಿ ಕೇಳಿಸಿತು ಎಂದು ರಂಜಿತ ನೆನೆಸಿಕೊಳ್ಳುತ್ತಾರೆ.

ವಾಪಸು ಬರುವ ಬಸ್ಸಿನಲ್ಲಿ ಅವರು ಫೋನಿನಲ್ಲಿ ಆಂತರಿಕ ಅಂಕಗಳ ಪಟ್ಟಿ ತೆರೆದರು. ನೂರ ಹನ್ನೆರಡು ಹೆಸರು, ನೂರ ಹನ್ನೆರಡು ಹತ್ತು. ಆ ಪಟ್ಟಿಯನ್ನು ಎಷ್ಟೋ ಸಲ ನೋಡಿದ್ದರು. ಅಂದು ನೋಡುವಾಗ ಚಲಪತಿಯ ಫ್ಯಾಟ್ ಕಾಲಂ ಕಣ್ಣಮುಂದೆ ಬಂತು ಎನ್ನುತ್ತಾರೆ.

ಮಾರನೆಯ ದಿನ ಫೋನುಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ, ಹಲಗೆಯ ಮೇಲೆ ಹತ್ತು ಅಂಕಿ ಬರೆದು, ಅರ್ಧ ಗಂಟೆ ಕೊಟ್ಟರು. ಸರಾಸರಿ, ಮಧ್ಯಾಂಕ, ಎಸ್‌ಡಿ. ಕಾಗದ, ಪೆನ್ನು, ಸಾದಾ ಕ್ಯಾಲ್ಕುಲೇಟರ್. ನಲವತ್ತೇಳು ಮಂದಿ ಎಸ್‌ಡಿಯ ಜಾಗ ಖಾಲಿ ಬಿಟ್ಟರು. ಮುರಳಿಗೆ ಹತ್ತಕ್ಕೆ ಒಂದು ಬಂತು, ಮುನೀಂದ್ರನಿಗೆ ಆರು, ಸಿಂಚನಳಿಗೆ ಒಂಬತ್ತು. ಪೂರ್ತಿ ಹತ್ತು ಬಂದದ್ದು ಇಬ್ಬರಿಗೆ. ಖಾಲಿ ಬಿಟ್ಟ ನಲವತ್ತೇಳು ಮಂದಿಯೂ ನಲವತ್ತೆರಡು ಹಸಿರು ಗುರುತಿನ ಒಡೆಯರೇ.

"ಇದೆಲ್ಲ ಹೆಂಗೋ ಹಸಿರಾಯ್ತು?" ಎಂದು ಕೇಳಿದಾಗ ಅಂಬರೀಶ್ ಎದ್ದು ನಿಂತು ವಿವರಿಸಿದ. "ಪ್ರಶ್ನೆದು ಫೋಟೋ ಹೊಡೆದ್ರೆ ಉತ್ತರ ಕೊಡೋ ಆ್ಯಪ್ ಐತಲ್ಲ ಮೇಡಂ. ಎಲ್ರ ಹತ್ರಾನೂ ಐತೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಒಬ್ಬ ವಿದ್ಯಾರ್ಥಿ ಆರು ಲೆಕ್ಕಗಳನ್ನು ಎರಡು ನಿಮಿಷದಲ್ಲಿ ಮುಗಿಸಿದ್ದು ಜಾಲತಾಣದ ದಾಖಲೆಯಲ್ಲೇ ಇತ್ತು. ಕಾಯಂ ಆದೇಶ ಕೈಗೆ ಬರುವವರೆಗೆ ಆ ದಾಖಲೆಯನ್ನು ತೆರೆಯದಿರಲು ರಂಜಿತ ತೀರ್ಮಾನಿಸಿದ್ದರು.

ಅವರು ಹತ್ತುಗಳನ್ನೆಲ್ಲ ಅಳಿಸಿ, ಪರೀಕ್ಷೆಯಲ್ಲಿ ಬಂದ ಅಂಕಗಳನ್ನು ತುಂಬಿಸಿದರು. ಒಂದು, ಆರು, ನಾಲ್ಕು, ಒಂಬತ್ತು.

"ಏನ್ ಮಾಡ್ಕೊಂಡ್ಬಿಟ್ರಿ ಮೇಡಂ?" ಅನಿಲ್‌ಕುಮಾರ್ ಸ್ಟಾಫ್ ರೂಮಿಗೇ ಬಂದು ಕೇಳಿದರು. ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. "ಹನ್ನೊಂದು ವರ್ಷ ಕಾದಿದ್ದೀರಿ. ಇನ್ನು ನಾಲ್ಕು ದಿನ ಕಾಯೋಕೆ ಆಗ್ಲಿಲ್ವಾ?"

ಸಮಿತಿ ಬಂದ ದಿನ ಗೇಟಿನಿಂದ ಸಭಾಂಗಣದವರೆಗೆ ನರ್ಸರಿಯಿಂದ ಬಾಡಿಗೆಗೆ ತಂದ ಹೂಕುಂಡಗಳಿದ್ದವು. ಕುಂಡಗಳ ಮೇಲೆ ಬಾಡಿಗೆ ಚೀಟಿಗಳೂ ಇದ್ದವು. ಯಾರೂ ಕೀಳಲು ಹೋಗಿರಲಿಲ್ಲ. ಶೌಚಾಲಯಕ್ಕೆ ಅಂದು ಮಾತ್ರ ಬೀಗ ಇರಲಿಲ್ಲ, ಸೋಪು ಇತ್ತು. ಹನ್ನೆರಡು ಗಂಟೆಗೆ ದೊಡ್ಡ ಪರದೆಯ ಮೇಲೆ ಹದಿನೇಳನೆಯ ಅಭ್ಯಾಸ ತೆರೆದುಕೊಂಡಿತು. ನೂರ ಹನ್ನೆರಡು ಹಸಿರು, ನೂರ ಹನ್ನೆರಡು ಹತ್ತು. ಸಿಂಚನಳ ಹೆಸರಿನ ಮುಂದೆ 3.4, 3.6, 3.3, 3.8. ತಿದ್ದಿದ್ದು ಅನಿಲ್‌ಕುಮಾರ್ ಅವರ ಖಾತೆಯಿಂದ, ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ. ಅದನ್ನೂ ಜಾಲತಾಣ ನಿಯತ್ತಾಗಿ ಬರೆದಿಟ್ಟಿತ್ತು.

ಸಮಿತಿಯ ಹಿರಿಯರೊಬ್ಬರು ತಲೆದೂಗಿದರು. "ಗ್ರಾಮೀಣ ಮಕ್ಕಳು, ಅವರದೇ ಮನೆಯ ಅಂಕಿಗಳು. ಬಹಳ ಚೆನ್ನಾಗಿದೆ. ಇದೆಲ್ಲ ಅವರೇ ತಂದದ್ದೇ ತಾನೆ ಮೇಡಂ?"

"ಎಲ್ಲವೂ ಅಲ್ಲ ಸರ್" ಎಂದರು ರಂಜಿತ. "ಈ ಹುಡುಗಿಯ ಪುಸ್ತಕದಲ್ಲಿ ಬೇರೆ ಇದೆ. ಅಂಕಗಳೂ ನಾನು ಕೊಟ್ಟವಲ್ಲ."

ಪ್ರಿನ್ಸಿಪಾಲರು, "ನಮ್ಮ ಮೇಡಂ ಬಹಳ ಸ್ಟ್ರಿಕ್ಟು" ಎಂದು ನಕ್ಕರು. ಹಿರಿಯರು ಕೈಯೆತ್ತಿ ಸಮಾಧಾನ ಮಾಡಿದರು.

"ಇರಲಿ, ಇರಲಿ. ಬೋಧನೆಗೋಸ್ಕರ ಒಂದಿಷ್ಟು ತಿದ್ದುವುದು ಎಲ್ಲ ಕಡೆಯೂ ಉಂಟು." ಅವರ ಪಕ್ಕದವರು ಊಟ ಎಷ್ಟು ಗಂಟೆಗೆ ಎಂದು ಕೇಳಿದರು. ವರದಿಯಲ್ಲಿ ‘ಶೇಕಡ ನೂರು’ ಎಂದು ಬರೆದುಕೊಂಡರು. ಒಬ್ಬಟ್ಟಿಗೆ ತುಪ್ಪ ಸಾಲದೆ ಒಬ್ಬರನ್ನು ಸ್ಕೂಟರಿನಲ್ಲಿ ಓಡಿಸಬೇಕಾಯಿತು.

ಸಂಜೆ ನಾಲ್ಕಕ್ಕೆ ಅನಿಲ್‌ಕುಮಾರ್ ಎರಡು ಕಾಗದ ಮುಂದಿಟ್ಟರು. ಮೇಲಿನದು ಘೋಷಣೆ: ಆಂತರಿಕ ಅಂಕಗಳನ್ನು ನಾನೇ ಮೌಲ್ಯಮಾಪನ ಮಾಡಿ ಕೊಟ್ಟಿದ್ದೇನೆ. ಕೆಳಗಿನದು ಕಾಯಂ ಆದೇಶ. ಅದರಲ್ಲಿ ಪ್ರಿನ್ಸಿಪಾಲರ ಸಹಿ ಆಗಲೇ ಇತ್ತು. ಮಧ್ಯಾಹ್ನ ಸಭೆಯಲ್ಲಿ ರಂಜಿತ ಆಡಿದ ಮಾತಿಗೂ ಅವರು ಸಿಟ್ಟಾಗಿರಲಿಲ್ಲ. ಆ ಮಾತು ಯಾರಿಗೂ ತಾಗಿರಲಿಲ್ಲ.

"ಇಲ್ಲೊಂದು, ಇಲ್ಲೊಂದು. ಆಮೇಲೆ ನೀವೂ ನಮ್ಮೋರೇ."

ರಂಜಿತ ಆದೇಶವನ್ನು ಪೂರ್ತಿ ಓದಿದರು. ಹೆಸರು ಸರಿಯಾಗಿತ್ತು, ಸಂಬಳದ ಸಾಲು ಸರಿಯಾಗಿತ್ತು. ಘೋಷಣೆಯ ಕೆಳಗೆ, ‘ಈ ಅಂಕಗಳು ನಾನು ಕೊಟ್ಟವಲ್ಲ’ ಎಂದು ಬರೆದು ಅದಕ್ಕೆ ಸಹಿ ಹಾಕಿದರು.

"ಪೇಜ್ ಹಾಳ್ಮಾಡಿದ್ರಲ್ಲ ಮೇಡಂ" ಎಂದರು ಅನಿಲ್‌ಕುಮಾರ್. ಇನ್ನೊಂದು ಪ್ರತಿ ತೆಗೆಸಿದರು. ಅದಕ್ಕೆ ಅದೇ ವಿಭಾಗದ ಇನ್ನೊಬ್ಬ ಅತಿಥಿ ಉಪನ್ಯಾಸಕ ವಸಂತ್ ಸಹಿ ಮಾಡಿದರು. ವಸಂತ್ ಆ ತರಗತಿಗೆ ಒಂದು ದಿನವೂ ಹೋದವರಲ್ಲ. ಮುಂದಿನ ವಾರ ಆದೇಶ ಅವರ ಹೆಸರಿಗೆ ಬಂತು. ಅವರಿಗೆ ಇಬ್ಬರು ಮಕ್ಕಳು, ಒಂಬತ್ತು ವರ್ಷದ ಕಾಯುವಿಕೆ. ರಂಜಿತ ಎದುರಾದರೆ ವಸಂತ್ ಈಗಲೂ ಬೇರೆ ದಾರಿ ಹಿಡಿಯುತ್ತಾರೆ.

ಜುಲೈನಲ್ಲಿ ಫೋನ್ ಬರಲಿಲ್ಲ. "ಲೇ ರಂಜಿ, ಆ ಮುರಳಿಗೆ ಹತ್ತು ಕೊಟ್ಟಿದ್ರೆ ನಿಮ್ಮಪ್ಪನ್ ಗಂಟೇನು ಹೋಗ್ತಿತ್ತು?" ಎಂದು ಅನುಸೂಯಮ್ಮ ಈಗಲೂ ಅನ್ನದ ಮುಂದೆ ಕೇಳುತ್ತಾರೆ. ರಂಜಿತ ಈಗ ದೊಡ್ಡಬಳ್ಳಾಪುರದ ಒಂದು ಕಾಲೇಜಿಗೆ ವಾರಕ್ಕೆ ಮೂರು ದಿನ ಹೋಗುತ್ತಾರೆ, ಅಲ್ಲಿಯೂ ಅತಿಥಿ. ಆನ್‌ಲೈನ್ ಅಭ್ಯಾಸ ಬರೆಯುವುದನ್ನು ಬಿಟ್ಟಿದ್ದಾರೆ. ಅವರ ನಲವತ್ತೆರಡೂ ಹೊಸಕೋಟೆ ರಸ್ತೆಯ ಕಾಲೇಜಿನಲ್ಲಿ ಇನ್ನೂ ಓಡುತ್ತಿವೆ. ಕೆಳಗೆ ವಸಂತ್ ಅವರ ಹೆಸರಿದೆ.

ಆಗಸ್ಟಿನಲ್ಲಿ ಒಂದು ಬೆಳಗ್ಗೆ ಹೊಸಕೋಟೆ ಬಸ್ ನಿಲ್ದಾಣದಲ್ಲಿ ಸಿಂಚನ ಸಿಕ್ಕಳು. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಣ್ಣನಿಗೆ ಊಟದ ಡಬ್ಬಿ ಕೊಟ್ಟು ಕಾಲೇಜಿಗೆ ಹೊರಟಿದ್ದಳು.

"ಮೇಡಂ, ನಂಗೂ ಹತ್ತು ಅಂತಲೇ ಬಂದೈತೆ ಮಾರ್ಕ್ಸ್ ಕಾರ್ಡಲ್ಲಿ."

"ಗೊತ್ತು ಕಣಮ್ಮ."

"ನೀವು ಕೊಟ್ಟಿದ್ದು ಒಂಬತ್ತಲ್ವಾ? ಒಂದು ಎಲ್ಲಿ ಹೋಗಿತ್ತು? ಆ ಪೇಪರ್ ವಾಪಸ್ಸೇ ಬರ್ಲಿಲ್ಲ. ವಸಂತ್ ಸರ್‌ನ ಕೇಳಿದ್ರೆ, ಹತ್ತು ಬಂದೈತಲ್ಲ, ಇನ್ನೇನ್ ಬೇಕು ಅಂದ್ರು."

ರಂಜಿತ ನೆನೆಸಿಕೊಂಡರು. ವ್ಯತ್ಯಾಸಗಳ ವರ್ಗಗಳನ್ನು ಕೂಡುವಾಗ ಹುಡುಗಿ ಒಂದು ಅಂಕಿಯನ್ನು ಬಿಟ್ಟಿದ್ದಳು. ಬ್ಯಾಗಿನಿಂದ ಕಾಗದ ತೆಗೆದು, ಸಿಮೆಂಟ್ ಬೆಂಚಿನ ಮೇಲಿಟ್ಟು, ಆ ಲೆಕ್ಕವನ್ನು ಮತ್ತೆ ಮೊದಲಿನಿಂದ ಬರೆಯತೊಡಗಿದರು. ದೇವನಹಳ್ಳಿ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವ ಬಸ್ಸು ಬಂದು, ಕಂಡಕ್ಟರ್ ಎರಡು ಸಲ ಕೂಗಿ, ಹೊರಟಿತು. ಅವರಿಬ್ಬರೂ ಆರನೆಯ ಅಂಕಿಯಲ್ಲಿದ್ದರು.